ತೊರಕೆಯ ದರ್ಶನಕ್ಕೆ ಹೊರಡುವ ದಂಪತಿಗಳಿಗೆ

ಘಟಪ್ರಭೆಯ ಸೀಮೆಯಾದ ನಮ್ಮ ಕೊಣ್ಣೂರಿನ ದಂಪತಿಗಳು ಗೋಕಾಕದ ಜಲಪಾತವನ್ನು ಕಂಡಷ್ಟಕ್ಕೇ ತೃಪ್ತರಾಗದೆ, ಘಟ್ಟವನ್ನಿಳಿದು ಮುರುಡೇಶ್ವರದಲ್ಲಿ ದೋಣಿಯೇರಿ ನೇತ್ರಾಣಿ ದ್ವೀಪದ ಹವಳಗಳ ಮೇಲೆ ಮೊಗವಿಟ್ಟು ತೇಲುವುದನ್ನೂ, ಅನುಕೂಲವುಳ್ಳವರು ಮಾಲ್ದೀವಿನವರೆಗೆ ಹೋಗಿ ಮಂಟಾ ತೊರಕೆಯನ್ನು ಅರಸುವುದನ್ನೂ ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೆ ಆ ಜೀವಿಯ ಸ್ವಭಾವವನ್ನರಿಯದೆ ಹೋಗುವುದು ಯುಕ್ತವಲ್ಲ.

ಬಾಲದಲ್ಲಿ ವಿಷದ ಮುಳ್ಳಿಲ್ಲದ, 7 ಮೀಟರಿನವರೆಗೂ ರೆಕ್ಕೆಗಳನ್ನು ಹರಹಬಲ್ಲ ಈ ಮಹಾಮತ್ಸ್ಯವು ಸೂಕ್ಷ್ಮವಾದ ಪ್ಲವಕಗಳನ್ನು ಕಿವಿರುಗಳಿಂದ ಸೋಸಿ ಉಣ್ಣುವುದು. ಸುಮಾರು ಒಂದು ವರ್ಷ ಗರ್ಭವನ್ನು ಧರಿಸಿ, ಸಾಮಾನ್ಯವಾಗಿ ಒಂದೇ ಮರಿಯನ್ನು, ಅದನ್ನೂ ಹಲವು ವರ್ಷಗಳಿಗೊಮ್ಮೆ ಹೆರುವುದು. ಆದುದರಿಂದಲೇ ಬಲೆಯಲ್ಲಿ ಅಳಿದುದನ್ನು ತುಂಬಿಕೊಳ್ಳಲು ಅದರ ಸಂತತಿಗೆ ದೀರ್ಘಕಾಲ ಬೇಕು. ಕಿವಿರಿನ ಫಲಕಗಳಿಗಾಗಿ ನಡೆಯುವ ವ್ಯಾಪಾರವು ಇದನ್ನು ಎಷ್ಟು ಪೀಡಿಸಿತೆಂದರೆ, 2013ರಲ್ಲಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಕುರಿತ ಸೈಟಿಸ್ ಒಪ್ಪಂದದ ರಾಷ್ಟ್ರಗಳು ಆ ವ್ಯಾಪಾರವನ್ನು ನಿಯಂತ್ರಿಸಲು ನಿರ್ಧರಿಸಬೇಕಾಯಿತು.

ಈ ತೊರಕೆಗಳು ನೆರೆಯುವ ಮಾಲ್ದೀವಿನ ಹನಿಫಾರು ಕೊಲ್ಲಿಯಲ್ಲಿ ಗಾಳಿಯ ಸಿಲಿಂಡರ್ ಹೊತ್ತು ಮುಳುಗುವುದು ನಿಷಿದ್ಧ. ಸ್ನಾರ್ಕೆಲ್ ಧರಿಸಿ ತೇಲುವವರಿಗೂ ಕಾಲಮಿತಿಯುಂಟು. ಎಂತಹ ವಿವೇಕ! ನೇತ್ರಾಣಿಯಲ್ಲಿಯೂ ದೋಣಿಗಳ ಸಂಖ್ಯೆಗೆ, ಲಂಗರಿಳಿಸುವ ತಾಣಕ್ಕೆ, ಹವಳವನ್ನು ಮುಟ್ಟುವ ಕೈಗಳಿಗೆ ಅಂತಹುದೇ ಕಠಿಣವಾದ ಕಟ್ಟಳೆಯಿರಬೇಕು. ಅದರಿಂದ ಶುಲ್ಕವು ಹೆಚ್ಚಿದರೆ ನಾವು ಪ್ರಯಾಣಿಕರು ಸಂತೋಷದಿಂದಲೇ ತೆರಬೇಕು.