ಜೋಳದ ರೊಟ್ಟಿಯೂ ರಕ್ತದ ಸಕ್ಕರೆಯೂ

ಚಡಚಣ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಗಳಲ್ಲಿ ಇಂದಿಗೂ ಕೇಳಿಬರುವ ಮಾತೊಂದುಂಟು: ‘ಬಿಳಿಜೋಳದ ರೊಟ್ಟಿ ಉಣ್ಣುವವರಿಗೆ ಸಕ್ಕರೆ ರೋಗದ ಭಯವಿಲ್ಲ.’ ನಮ್ಮ ಕರಿಮಣ್ಣಿನ ಜೋಳದ ಮೇಲೆ ನಮಗೂ ಅಭಿಮಾನವುಂಟು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿ ಮಧುಮೇಹಿಗಳಿದ್ದಾರೆ. ಇಂತಹ ಕಾಲದಲ್ಲಿ ಆ ಮಾತನ್ನು ಪರಿಶೀಲಿಸದೆ ನಂಬುವುದು ಯುಕ್ತವಲ್ಲ.

100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಪಿಷ್ಟವೂ 10 ಗ್ರಾಂ ಸಸಾರಜನಕವೂ ಇರುತ್ತವೆ. ಪಿಷ್ಟವು ಜೀರ್ಣವಾಗಿ ಗ್ಲುಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಪಾಲಿಶ್ ಮಾಡಿದ ಅಕ್ಕಿಗಿಂತ ಜೋಳದಲ್ಲಿ ನಾರು ಹೆಚ್ಚೆಂಬುದು ನಿಜ. ಹಾಗೆಂದು ಲೆಕ್ಕವಿಲ್ಲದೆ ರೊಟ್ಟಿ ಉಂಡರೆ ಸಕ್ಕರೆ ಏರದೆ ಇರಲಾರದು.

ಇನ್ನು ಸಸಾರಜನಕದ ಸಂಗತಿ. ಅದು ಜೀರ್ಣವಾದಾಗ ಹರಿದ ಹಾರದ ಮಣಿಗಳಂತೆ ಅಮೈನೋ ಆಮ್ಲಗಳಾಗಿ ಬಿಡಿಯಾಗುತ್ತದೆ. ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಕೂಡ ಇಂತಹ 51 ಮಣಿಗಳ ಹಾರವೇ. ಆ ಮಣಿಗಳ ಕ್ರಮವನ್ನು ಕಂಡುಹಿಡಿದ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಅವರಿಗೆ 1958ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನುಂಗಿದರೆ ಆಹಾರದಂತೆ ಜೀರ್ಣವಾಗಿ ಹೋಗುವುದರಿಂದಲೇ ಇನ್ಸುಲಿನ್ನನ್ನು ಸೂಜಿಯ ಮೂಲಕ ಕೊಡುತ್ತಾರೆ.

ಊಟದಿಂದ ಬಂದ ಲ್ಯೂಸಿನ್, ಆರ್ಜಿನಿನ್ ಮೊದಲಾದ ಅಮೈನೋ ಆಮ್ಲಗಳು ಮೇದೋಜೀರಕ ಗ್ರಂಥಿಯನ್ನು ಇನ್ಸುಲಿನ್ ಸುರಿಸುವಂತೆ ಪ್ರಚೋದಿಸುತ್ತವೆ. ಸಸಾರಜನಕವಿರುವ ಊಟವು ಜಠರದಿಂದ ನಿಧಾನವಾಗಿ ಇಳಿಯುತ್ತದೆ. ಬೇಳೆ, ಕಾಳು, ತರಕಾರಿಗಳನ್ನು ಮೊದಲು ಉಂಡು ಆಮೇಲೆ ರೊಟ್ಟಿ, ಅನ್ನಕ್ಕೆ ಕೈಹಾಕಿದರೆ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆ.

ಜೋಳಕ್ಕೆ ಜೊತೆಗಾರರು ಬೇಕೆನ್ನಲು ಇನ್ನೊಂದು ಕಾರಣವುಂಟು. ಜೋಳದಲ್ಲಿ ಲ್ಯೂಸಿನ್ ಅಧಿಕ, ಲೈಸಿನ್ ಕೊರತೆ. ದಖ್ಖಣದ ಬಡ ಜೋಳಾಹಾರಿಗಳಲ್ಲಿ ಕಂಡುಬಂದ ಪೆಲ್ಲಾಗ್ರ ಎಂಬ ಚರ್ಮರೋಗಕ್ಕೆ ಈ ಲ್ಯೂಸಿನ್ನಿನ ಅತಿಯೂ ಕಾರಣವಿರಬಹುದೆಂದು ಹೈದರಾಬಾದಿನ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿ 1960ರಲ್ಲಿ ಸೂಚಿಸಿದರು. ತೊಗರಿ, ಹೆಸರು, ಕಡಲೆ, ಮಡಿಕೆಕಾಳುಗಳಲ್ಲಿ ಲೈಸಿನ್ ಸಮೃದ್ಧ. ರೊಟ್ಟಿಗೆ ಝುಣಕವನ್ನೋ ಕಾಳಿನ ಪಲ್ಯವನ್ನೋ ಜೋಡಿಸಿದ ನಮ್ಮ ಹಿರಿಯ ತಾಯಂದಿರು ಈ ಹೆಸರುಗಳನ್ನು ಅರಿಯದಿದ್ದರೂ ಅರ್ಥವನ್ನು ಅರಿತಿದ್ದರು.

ಹಾಗಾದರೆ ಅಮೈನೋ ಆಮ್ಲಗಳ ಪುಡಿಯನ್ನೇ ಕೊಂಡು ಕುಡಿದರಾಗದೆ ಎಂದು ಕೆಲವರು ಕೇಳುವುದುಂಟು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ದೀರ್ಘ ಅಧ್ಯಯನವನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಸಂಶೋಧನೆ ಇಲ್ಲಿ ಎಚ್ಚರಿಕೆಯ ಮಾತನ್ನಾಡುತ್ತದೆ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಟೈರೋಸಿನ್, ಫಿನೈಲ್‌ಅಲನಿನ್ ಎಂಬ ಐದು ಅಮೈನೋ ಆಮ್ಲಗಳು ರಕ್ತದಲ್ಲಿ ಹೆಚ್ಚಾಗಿದ್ದವರಿಗೆ ಮುಂದಿನ 12 ವರ್ಷಗಳಲ್ಲಿ ಮಧುಮೇಹ ತಗಲುವ ಸಂಭವ ಅಧಿಕವಾಗಿತ್ತು. ಬೊಜ್ಜು ಬೆಳೆದ ದೇಹದಲ್ಲಿ ಜೀವಕೋಶಗಳು ಇನ್ಸುಲಿನ್ನಿನ ಕರೆಗೆ ಸರಿಯಾಗಿ ಓಗೊಡುವುದಿಲ್ಲ. ಈ ಆಮ್ಲಗಳೂ ಪೂರ್ತಿ ವ್ಯಯವಾಗದೆ ರಕ್ತದಲ್ಲಿ ಉಳಿಯುತ್ತವೆ. ಇದಕ್ಕೆ ಮದ್ದು ಡಬ್ಬಿಯಲ್ಲಿಲ್ಲ, ದುಡಿಮೆಯಲ್ಲಿದೆ. ದುಡಿಯುವ ಸ್ನಾಯುವು ರಕ್ತದ ಸಕ್ಕರೆಯನ್ನು ತಾನೇ ಸೆಳೆದುಕೊಳ್ಳುತ್ತದೆ, ಇನ್ಸುಲಿನ್ನಿನ ಮಾತನ್ನೂ ಚೆನ್ನಾಗಿ ಕೇಳುತ್ತದೆ. ಹೊಲದ ಕಾಯಕ ಬಿಟ್ಟು ಗಾದಿಯ ಮೇಲೆ ಕುಳಿತವರು ಹಿರಿಯರ ಊಟವನ್ನು ಮಾತ್ರ ಉಳಿಸಿಕೊಂಡರೆ ಸಾಲದು. ಊಟದ ನಂತರ ಸ್ವಲ್ಪ ಹೊತ್ತು ನಡೆಯುವುದನ್ನಾದರೂ ರೂಢಿಸಿಕೊಳ್ಳಬೇಕು.

ಆದುದರಿಂದ ಗೃಹಿಣಿಯರಲ್ಲಿ ನಮ್ಮ ವಿನಂತಿ ಇಷ್ಟು. ತಟ್ಟೆಯಲ್ಲಿ ಒಂದು ರೊಟ್ಟಿ ಕಡಿಮೆಯಾಗಲಿ, ಒಂದು ಸೌಟು ಕಾಳಿನ ಪಲ್ಯ ಹೆಚ್ಚಾಗಲಿ; ಹಸಿ ಸೌತೆ, ಮೆಂತ್ಯ ಸೊಪ್ಪು, ಮಜ್ಜಿಗೆ ಜೊತೆಗಿರಲಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಬೇಳೆಕಾಳು ಹೆಚ್ಚಿಸಕೂಡದು. ಊಟ ತಿದ್ದಿಕೊಂಡೆವೆಂದು ಗುಳಿಗೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ತಾವಾಗಿಯೇ ನಿಲ್ಲಿಸುವುದು ಪ್ರಾಣಕ್ಕೇ ಎರವಾದೀತು. ಪ್ರಸಾದವೆಂದು ಭಾವಿಸಿ ಉಣ್ಣುವವನಿಗೆ ಮಿತವೂ ಪ್ರಸಾದದ ಅಂಗವೇ ಎಂಬುದನ್ನು ನಾವು ಬೇರೆ ಹೇಳಬೇಕಾದುದಿಲ್ಲ.