ಚಳಿಗಾಲದ ಹುಸಿನೊಣ

ಡಿಸೆಂಬರ್ ತಿಂಗಳು ಅರ್ಧ ಕಳೆಯಿತೆಂದರೆ ಇಂಗ್ಲೆಂಡಿನ ಟ್ರೌಟ್ ಹೊಳೆಗಳ ದಂಡೆ ಬಹುಮಟ್ಟಿಗೆ ಬರಿದಾಗಿರುತ್ತದೆ. ಬೇಸಗೆಯಲ್ಲಿ ಮೊಣಕಾಲಿನವರೆಗೆ ನೀರಿನಲ್ಲಿ ನಿಂತು ಗಾಳ ಬೀಸುತ್ತಿದ್ದ ಹವ್ಯಾಸಿಗಳು ಅಲ್ಲಿ ಕಾಣಸಿಗುವುದು ಅಪರೂಪ. ಟ್ರೌಟ್ ಮೀನು ಮೊಟ್ಟೆಯಿಡುವ ಕಾಲವದು. ಹೆಣ್ಣುಮೀನು ಹೊಳೆಯ ತಳದ ಸಣ್ಣ ಕಲ್ಲುಗಳನ್ನು ಬಾಲದಿಂದ ಕೆದರಿ, ಗುಂಡಿ ಮಾಡಿ, ಅದರಲ್ಲಿ ಮೊಟ್ಟೆಗಳನ್ನು ಹುದುಗಿಸುತ್ತದೆ. ಆಗ ಅದನ್ನು ಹಿಡಿಯುವುದು ಕಾನೂನಿಗೆ ವಿರುದ್ಧ. ಆದುದರಿಂದ ಶರತ್ಕಾಲದಿಂದ ವಸಂತದವರೆಗೆ ಟ್ರೌಟ್ ಹಿಡಿಯುವವರ ಪಾಲಿಗೆ ಹೊಳೆಯ ಬಾಗಿಲು ಮುಚ್ಚಿರುತ್ತದೆ.

ಆದರೆ ಹೊಳೆಯ ಬಾಗಿಲು ಮುಚ್ಚಿದಾಗಲೇ ಹವ್ಯಾಸಿಯ ಮನೆಯ ಬಾಗಿಲು ತೆರೆಯುವುದು. ಕ್ರಿಸ್ಮಸ್ ರಜೆ ಬಂದಿದೆ; ಹೊರಗೆ ನಾಲ್ಕು ಗಂಟೆಗೇ ಕತ್ತಲೆ. ಒಳಗೆ ಅಗ್ಗಿಷ್ಟಿಕೆಯ ಪಕ್ಕದ ಮೇಜಿನ ಮೇಲೆ ಒಂದು ದೀಪ, ರೇಷ್ಮೆ ದಾರದ ಉರುಳೆಗಳು, ಮೊಲದ ಕೂದಲು, ಹುಂಜದ ಗರಿ, ನವಿಲುಗರಿಯ ಎಳೆ. ಸುತ್ತ ಮೂವರು ನಾಲ್ವರು ಗೆಳೆಯರು. ಕಳೆದ ಜೂನಿನಲ್ಲಿ ಕೈಗೆ ಸಿಕ್ಕಿ ಜಾರಿಹೋದ ಮೀನು, ಹೇಳಿದಷ್ಟು ಸಲವೂ ಒಂದೊಂದು ಅಂಗುಲ ಬೆಳೆಯುತ್ತದೆ. ಕೇಳುವವರು ಅದನ್ನು ಸಹಿಸುತ್ತಾರೆ. ಏಕೆಂದರೆ ಮುಂದಿನ ಸರದಿ ಅವರದು. ಈ ಹರಟೆಯ ನಡುವೆಯೂ ಕೈಗಳು ಮಾತ್ರ ಬಿಡುವಿಲ್ಲದೆ ದುಡಿಯುತ್ತಿರುತ್ತವೆ. ಅವರು ಕಟ್ಟುತ್ತಿರುವುದು ನೊಣಗಳನ್ನು!

ಒಂದು ದಿನದ ಬಾಳು

ಗಾಳಕ್ಕೆ ಎರೆಹುಳುವನ್ನು ಸಿಕ್ಕಿಸಿ ಮೀನು ಹಿಡಿಯುವ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಈ ಹವ್ಯಾಸಿಗಳ ಕ್ರಮವೇ ಬೇರೆ. ಇವರ ಗಾಳದಲ್ಲಿ ತಿನ್ನುವಂಥದು ಏನೂ ಇಲ್ಲ. ಗಾಳದ ಕೊಕ್ಕೆಗೆ ಗರಿ, ಕೂದಲು, ದಾರಗಳನ್ನು ಸುತ್ತಿ ನೊಣದ ರೂಪ ಕೊಡುತ್ತಾರೆ. ಆ ಹುಸಿನೊಣ ನೀರಿಗೆ ಬಿದ್ದಾಗ ನಿಜವಾದ ನೊಣವೆಂದು ಬಗೆದು ಮೀನು ಬಾಯಿ ಹಾಕಬೇಕು. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡು ದಾರವನ್ನು ದೂರ ಒಯ್ಯುತ್ತದೆ. ಹುಸಿನೊಣಕ್ಕೆ ತೂಕವೇ ಇಲ್ಲವಾದುದರಿಂದ ಇಲ್ಲಿ ದಾರವನ್ನೇ ದಪ್ಪವಾಗಿ, ಭಾರವಾಗಿ ಮಾಡಿರುತ್ತಾರೆ. ಚಾವಟಿ ಬೀಸಿದಂತೆ ಅದನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ, ಅದರ ತುದಿಯ ನೊಣ ತೇಲಿಹೋಗಿ ನೀರಿನ ಮೇಲೆ ಸದ್ದಿಲ್ಲದೆ ಇಳಿಯುತ್ತದೆ.

ಯಾವ ನೊಣವನ್ನು ಅನುಕರಿಸಬೇಕು ಎಂಬುದೇ ಚಳಿಗಾಲದ ಚರ್ಚೆಯ ತಿರುಳು. ಹೊಳೆಗಳಲ್ಲಿ ಮೇಫ್ಲೈ ಎಂಬ ಕೀಟವುಂಟು. ಅದರ ದೊಡ್ಡ ಜಾತಿಗಳ ಮರಿ ನೀರಿನ ತಳದಲ್ಲಿ ಒಂದೆರಡು ವರ್ಷ ಬದುಕುತ್ತದೆ. ಬಳಿಕ ಒಂದು ದಿನ ಮೇಲೆದ್ದು, ಪೊರೆ ಕಳಚಿ, ರೆಕ್ಕೆ ಬಿಚ್ಚುತ್ತದೆ. ರೆಕ್ಕೆ ಬಂದ ಮೇಲೆ ಅದಕ್ಕೆ ಉಣ್ಣಲು ಬಾಯಿಯೇ ಕೆಲಸಕ್ಕೆ ಬಾರದು. ಒಂದೆರಡು ದಿನಗಳಲ್ಲಿ ಕೂಡಿ, ಮೊಟ್ಟೆಯಿಟ್ಟು, ನೀರಿನ ಮೇಲೆ ಬಿದ್ದು ಸಾಯುತ್ತದೆ. ಆ ಹೊತ್ತಿನಲ್ಲಿ ಟ್ರೌಟ್ ಮೀನಿಗೆ ಹಬ್ಬ. ಯಾವ ತಿಂಗಳು ಯಾವ ಜಾತಿಯ ನೊಣ ಏಳುತ್ತದೆ, ಅದರ ಬಣ್ಣವೇನು, ಬಾಲದ ಎಳೆಗಳೆಷ್ಟು ಎಂಬುದನ್ನು ಬಲ್ಲವನಿಗೆ ಮಾತ್ರ ಆ ಹಬ್ಬದ ಪಂಕ್ತಿಯಲ್ಲಿ ಸ್ಥಾನವುಂಟು.

ನೊಣ ಕಟ್ಟುವ ಕೆಲಸವಾದರೂ ಸುಲಭವಲ್ಲ. ಬಡಗಿಯ ಅಂಗಡಿಯಲ್ಲಿ ಕಾಣುವ ವೈಸಿನ ಮರಿಯಂತಿರುವ ಪುಟ್ಟ ಉಪಕರಣದಲ್ಲಿ ಕೊಕ್ಕೆಯನ್ನು ಹಿಡಿಸುತ್ತಾರೆ. ಕೊಕ್ಕೆ ಅನೇಕ ವೇಳೆ ಅರ್ಧ ಅಂಗುಲವೂ ಇರುವುದಿಲ್ಲ. ಅದಕ್ಕೆ ದಾರ ಸುತ್ತಿ, ಬಾಲಕ್ಕೆ ಎರಡು ಮೂರು ಎಳೆ ಕಟ್ಟಿ, ಮೊಲದ ಕೂದಲನ್ನು ದಾರಕ್ಕೆ ಹೊಸೆದು ಮೈ ಮಾಡುತ್ತಾರೆ. ಕೊನೆಗೆ ಹುಂಜದ ಕತ್ತಿನ ಗರಿಯನ್ನು ಸುತ್ತಿದರೆ, ಅದರ ಎಳೆಗಳು ಕಾಲುಗಳಂತೆ ಸುತ್ತಲೂ ಸೆಟೆದು ನಿಂತು ನೊಣವನ್ನು ನೀರಿನ ಮೇಲೆ ತೇಲಿಸುತ್ತವೆ. ಮಲ್ಲಿಗೆ ಕಟ್ಟುವ ಬೆರಳುಗಳನ್ನು ಕಂಡವರಿಗೆ ಈ ಕೆಲಸದ ಹದ ತಿಳಿದೀತು. ದಾರ ಸಡಿಲವಾದರೆ ಗರಿ ಉದುರುತ್ತದೆ. ಅತಿ ಬಿಗಿಯಾದರೆ ದಾರವೇ ತುಂಡಾಗುತ್ತದೆ.

ಕಾಗದದಲ್ಲಿ ಬಂದ ನೊಣಗಳು

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಸುಮಾರು 1800 ವರ್ಷಗಳ ಹಿಂದೆ ಬಾಳಿದ ರೋಮಿನ ಲೇಖಕ ಈಲಿಯನ್, ಮ್ಯಾಸಿಡೋನಿಯಾದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಎರಡು ಗರಿ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ವರ್ಣಿಸಿದ್ದಾನೆ. ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ ಗಾಳದ ಗ್ರಂಥವೊಂದರಲ್ಲಿ ತಿಂಗಳುಗಳಿಗೆ ಹೊಂದಿಸಿದ 12 ಹುಸಿನೊಣಗಳ ವಿವರವಿದೆ. ಆದರೆ ಈ ವಿದ್ಯೆ ಬೆಳೆದುದು ಪುಸ್ತಕಗಳಿಂದ ಎಷ್ಟೋ, ಹವ್ಯಾಸಿಗಳ ಪರಸ್ಪರ ಮಾತುಕತೆಯಿಂದಲೂ ಅಷ್ಟೇ. ಎದುರಿಗೆ ಕುಳಿತು ಮಾತನಾಡಲಾಗದವರು ಕಾಗದದ ಮೂಲಕ ಮಾತನಾಡಿದರು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಥಿಯೊಡೋರ್ ಗಾರ್ಡನ್ ಎಂಬಾತ, ನೀರಿನ ಮೇಲೆ ತೇಲುವ ನೊಣಗಳ ಬಗೆಗೆ 1886ರಲ್ಲಿ ಗ್ರಂಥ ಬರೆದಿದ್ದ ಇಂಗ್ಲೆಂಡಿನ ಫ್ರೆಡರಿಕ್ ಹಾಲ್ಫರ್ಡ್‌ಗೆ ಕಾಗದ ಬರೆದನು. 1890ರ ಫೆಬ್ರವರಿ 22ರ ದಿನಾಂಕದ ಉತ್ತರ ಬಂದಿತು. ಅದರೊಂದಿಗೆ ಹಾಲ್ಫರ್ಡ್ ತನ್ನ ನೊಣಗಳ ಮಾದರಿಗಳನ್ನೂ ಕಳುಹಿಸಿದ್ದನು. ಆದರೆ ಇಂಗ್ಲೆಂಡಿನ ಶಾಂತವಾದ ಹೊಳೆಗಳ ನೊಣ ಅಮೆರಿಕದ ಬಿರುಸಿನ ಹೊಳೆಗಳಿಗೆ ಒಗ್ಗದು. ಅಲ್ಲಿನ ಕೀಟಗಳೂ ಬೇರೆ. ಗಾರ್ಡನ್ ತನ್ನ ಹೊಳೆಯ ಕೀಟಗಳನ್ನು ನೋಡಿ ನೋಡಿ ಹೊಸ ಮಾದರಿಗಳನ್ನು ಕಟ್ಟಿದನು. ಕ್ಷಯರೋಗದಿಂದ ನವೆಯುತ್ತಿದ್ದ ಆತ ತನ್ನ ಕೊನೆಯ ಚಳಿಗಾಲಗಳನ್ನು ನ್ಯೂಯಾರ್ಕ್ ರಾಜ್ಯದ ಬೆಟ್ಟಗಳ ನಡುವೆ, ನೆವರ್‌ಸಿಂಕ್ ಹೊಳೆಯ ಬಳಿಯ ಹಳ್ಳಿಮನೆಗಳಲ್ಲಿ, ನೊಣ ಕಟ್ಟುತ್ತಲೂ ಕಾಗದ ಬರೆಯುತ್ತಲೂ ಕಳೆದನು. ಲಂಡನ್ನಿನ ವಕೀಲ ಸ್ಕೂಸ್‌ಗೆ ಆತ ಬರೆದ ಕಾಗದಗಳು ಮುಂದೆ, 1947ರಲ್ಲಿ, ಇತರ ಬರಹಗಳೊಡನೆ ಪುಸ್ತಕವಾಗಿ ಬಂದವು. 1915ರಲ್ಲಿ ಗಾರ್ಡನ್ ತೀರಿಕೊಂಡನು. ಆತ ಗಾಳ ಬೀಸಿದ ಹೊಳೆಯ ದೊಡ್ಡ ಭಾಗ 1953ರಲ್ಲಿ ಪೂರ್ಣಗೊಂಡ ಜಲಾಶಯದಲ್ಲಿ ಮುಳುಗಿಹೋಯಿತು. ಆತ ಕಟ್ಟಿದ ನೊಣದ ಮಾದರಿ ಮಾತ್ರ ಆತನ ಹೆಸರಿನಲ್ಲೇ ಇಂದಿಗೂ ಉಳಿದಿದೆ.

ಹವ್ಯಾಸಿಗಳ ಮಾತು ಯಾವಾಗಲೂ ಇಷ್ಟು ಸವಿಯಾಗಿರುತ್ತಿರಲಿಲ್ಲ. ಮೀನು ಮೇಲೆ ಬಂದಾಗ ತೇಲುವ ನೊಣವನ್ನು ಬೀಸುವುದೊಂದೇ ಸಭ್ಯ ಮಾರ್ಗವೆಂದು ಹಾಲ್ಫರ್ಡನ ಪಂಥದವರ ಹಟ. ಮೀನು ತನ್ನ ಆಹಾರದ ಹೆಚ್ಚಿನ ಪಾಲನ್ನು ನೀರಿನೊಳಗೇ ತಿನ್ನುವಾಗ, ಮುಳುಗುವ ಮರಿಹುಳುವಿನ ಮಾದರಿಯನ್ನು ಬಳಸಿದರೆ ತಪ್ಪೇನು ಎಂಬುದು ಸ್ಕೂಸ್‌ನ ವಾದ. 1938ರ ಫೆಬ್ರವರಿಯಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ಈ ಕುರಿತು ಬಹಿರಂಗ ಚರ್ಚೆಯೇ ನಡೆಯಿತು. ಎಂಬತ್ತರ ಹೊಸ್ತಿಲಲ್ಲಿದ್ದ ಸ್ಕೂಸ್ ಅಂದು ಹೆಚ್ಚು ಬೆಂಬಲ ಕಾಣಲಿಲ್ಲ. ಮುಂದಿನ ಪೀಳಿಗೆ ಆತನ ಮಾತನ್ನೇ ಒಪ್ಪಿತು.

ಮೀನು ಹಿಡಿಯದ ಮೇಗನ್

ನೊಣ ಕಟ್ಟುವವರೆಲ್ಲ ಮೀನು ಹಿಡಿಯುವವರೇ ಆಗಬೇಕೆಂಬ ನಿಯಮವಿಲ್ಲ. ಸ್ಕಾಟ್ಲೆಂಡಿನ ಈಶಾನ್ಯದ ಕಡಲತೀರದಲ್ಲಿ, ಬ್ರೋರಾ ಎಂಬ ಊರಿನ ಸಮೀಪದ ಪುಟ್ಟ ಮನೆಯಲ್ಲಿ ಮೇಗನ್ ಬಾಯ್ಡ್ ಎಂಬ ಹೆಂಗಸು ಅನೇಕ ದಶಕಗಳ ಕಾಲ ಸಾಲ್ಮನ್ ಮೀನಿನ ನೊಣಗಳನ್ನು ಕಟ್ಟಿದಳು. 1915ರಲ್ಲಿ ಹುಟ್ಟಿದ ಆಕೆಗೆ ಬಾಲ್ಯದಲ್ಲಿ ಈ ವಿದ್ಯೆ ಕಲಿಸಿದವನು ಒಬ್ಬ ಬೇಟೆಗಾವಲಿನವನು. 1985ರವರೆಗೂ ಆ ಮನೆಗೆ ವಿದ್ಯುತ್ ಇರಲಿಲ್ಲ. ಆಕೆಯ ನೊಣಗಳಿಗೆ ರಾಜಕುಮಾರ ಚಾರ್ಲ್ಸನೂ ಗಿರಾಕಿಯಾಗಿದ್ದನು. ಆದರೂ ಮೀನನ್ನು ಕೊಲ್ಲಲು ಆಕೆಗೆ ಮನಸ್ಸು ಬಾರದು. 1971ರಲ್ಲಿ ಸರ್ಕಾರದ ಪದಕ ದೊರೆತಾಗ, ತನ್ನ ನಾಯಿಯನ್ನು ನೋಡಿಕೊಳ್ಳಲು ಯಾರೂ ಇಲ್ಲವೆಂದು ತಿಳಿಸಿ ಆಕೆ ಲಂಡನ್ನಿಗೆ ಹೋಗಲಿಲ್ಲ. ಕಣ್ಣು ಮಂಜಾಗುವವರೆಗೂ ಕೆಲಸ ಮಾಡಿದ ಆಕೆ 2001ರಲ್ಲಿ ಕಾಲವಾದಳು.

ಸಾಲ್ಮನ್ ನೊಣವೆಂಬುದು ಟ್ರೌಟ್ ನೊಣದಂತೆ ಮಣ್ಣುಬಣ್ಣದ ಬಡ ವಸ್ತುವಲ್ಲ. ಕೆಂಪು, ನೀಲಿ, ಹಳದಿ, ಚಿನ್ನದ ಸರಿಗೆಗಳಿಂದ ಅಲಂಕೃತವಾದ ಆಭರಣದಂತೆ ಕಾಣುವುದು. ಸೋಜಿಗವೆಂದರೆ, ಸಾಲ್ಮನ್ ಮೀನು ಮೊಟ್ಟೆಯಿಡಲು ಕಡಲಿನಿಂದ ಹೊಳೆಗೆ ಏರಿದ ಮೇಲೆ ಆಹಾರವನ್ನೇ ಬಿಟ್ಟಿರುತ್ತದೆ. ಆದುದರಿಂದ ಈ ಬಣ್ಣಗಳ ವೈಭವ ಯಾವ ಕೀಟವನ್ನೂ ಹೋಲುವುದಿಲ್ಲ. ಅದು ಮೀನಿನ ಹಸಿವಿಗಿಂತ ಹೆಚ್ಚಾಗಿ ಮನುಷ್ಯನ ಕಣ್ಣಿಗಾಗಿ ಹುಟ್ಟಿದ್ದು.

ಕೊಡಗಿನ ಕಾಡಿನಿಂದ

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲೋಕದ ನಾನಾ ಮೂಲೆಗಳ ಪಕ್ಷಿಗಳ ಗರಿಗಳು ಹಡಗಿನಲ್ಲಿ ಬ್ರಿಟನ್ನಿಗೆ ಬರುತ್ತಿದ್ದವು. 1895ರಲ್ಲಿ ಜಾರ್ಜ್ ಕೆಲ್ಸನ್ ಬರೆದ ಸಾಲ್ಮನ್ ನೊಣದ ಗ್ರಂಥ ಅಂತಹ ಗರಿಗಳ ಬಳಕೆಗೆ ಶಾಸ್ತ್ರದ ಪದವಿಯನ್ನೇ ತಂದುಕೊಟ್ಟಿತು. ಈ ಗರಿಗಳಲ್ಲಿ ಬಹು ಬೇಡಿಕೆಯಿದ್ದುದೊಂದು ಕನ್ನಡ ನಾಡಿನ ಕಾಡಿನಲ್ಲೂ ಇದೆ. ಅದು ಬೂದು ಕಾಡುಕೋಳಿಯ ಹುಂಜದ ಕತ್ತಿನ ಗರಿ. ಕೊಡಗು, ನಾಗರಹೊಳೆ, ಬಂಡೀಪುರಗಳ ಕಡೆ ಬೆಳಗಿನ ಜಾವ ಬಿದಿರುಮೆಳೆಯಿಂದ ಕೇಳಿಬರುವ, ಊರಕೋಳಿಯದಕ್ಕಿಂತ ಭಿನ್ನವಾದ ಮೊಟಕು ಕೂಗು ಈ ಹುಂಜದ್ದೇ. ಅದರ ಕತ್ತಿನ ಗರಿಯ ಮೇಲೆ ಅರಗು ತೊಟ್ಟಿಕ್ಕಿದಂತೆ ಬಿಳಿ ಹಳದಿಯ ಹೊಳೆಯುವ ಚುಕ್ಕೆಗಳಿರುತ್ತವೆ. ನೊಣದ ಎರಡು ಮಗ್ಗುಲಿಗೆ ಒಂದೊಂದು ಗರಿ ಇಟ್ಟರೆ ಜೀವಂತ ಕಣ್ಣಿನಂತೆ ಮಿನುಗುತ್ತದೆ. ಆ ಎರಡು ಕಣ್ಣುಗಳಿಗಾಗಿ ದಕ್ಷಿಣ ಭಾರತದ ಕಾಡುಗಳಲ್ಲಿ ಈ ಹುಂಜಗಳನ್ನು ಬೇಟೆಯಾಡಿ ಚರ್ಮ ಸಹಿತ ಹೊರದೇಶಕ್ಕೆ ಸಾಗಿಸಿದ ಕಾಲವೊಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈಗ ಆ ಪಕ್ಷಿಯ ರಕ್ಷಣೆಗಿದೆ. ಬ್ರಿಟನ್ನಿನ ಹವ್ಯಾಸಿಗಳು ಅಲ್ಲಿಯೇ ಸಾಕಿ ಬೆಳೆಸಿದ ಕಾಡುಕೋಳಿಗಳ ಗರಿಯನ್ನು ಕೊಳ್ಳುತ್ತಾರೆ.

ಗರಿಯ ಮೋಹ ಎಲ್ಲಿಗೆ ಒಯ್ಯಬಲ್ಲದೆಂಬುದು 2009ರ ಜೂನಿನಲ್ಲಿ ಬಯಲಾಯಿತು. ಹುಡುಗತನದಿಂದಲೂ ಸಾಲ್ಮನ್ ನೊಣ ಕಟ್ಟುವುದರಲ್ಲಿ ಹೆಸರು ಪಡೆದಿದ್ದ ಅಮೆರಿಕದ ತರುಣನೊಬ್ಬ ಲಂಡನ್ನಿನಲ್ಲಿ ಕೊಳಲುವಾದನ ಕಲಿಯುತ್ತಿದ್ದನು. ಒಂದು ರಾತ್ರಿ ಆತ ಟ್ರಿಂಗ್ ಎಂಬ ಊರಿನಲ್ಲಿರುವ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದ ಕಿಟಕಿ ಒಡೆದು ನುಗ್ಗಿ, 299 ಪಕ್ಷಿಗಳ ಚರ್ಮಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋದನು. ಅವುಗಳಲ್ಲಿ ಕೆಲವನ್ನು ಸಂಗ್ರಹಿಸಿದವನು, ಡಾರ್ವಿನ್ನನ ಸಮಕಾಲೀನನಾದ ಆಲ್ಫ್ರೆಡ್ ರಸೆಲ್ ವಾಲೆಸ್. ಒಂದೊಂದು ಚರ್ಮದ ಕಾಲಿಗೂ ಒಂದು ಚೀಟಿ ಕಟ್ಟಿರುತ್ತಿತ್ತು: ಎಲ್ಲಿ, ಯಾವ ದಿನ ಸಿಕ್ಕಿತೆಂದು. ಹಳೆಯ ಗರಿಗಳಲ್ಲಿನ ಪಾದರಸದ ಪ್ರಮಾಣವನ್ನು ಅಳೆದು ನೂರಾರು ವರ್ಷಗಳಲ್ಲಿ ಕಡಲು ಎಷ್ಟು ಕಲುಷಿತವಾಯಿತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದುಂಟು. ಚೀಟಿ ಕಿತ್ತುಹೋದ ಚರ್ಮದಿಂದ ಅಂತಹ ಯಾವ ಲೆಕ್ಕವೂ ಸಾಧ್ಯವಿಲ್ಲ.

ಕಳುವಿನ ಗರಿಗಳನ್ನು ತರುಣ ಹವ್ಯಾಸಿಗಳಿಗೇ ಮಾರತೊಡಗಿದನು. ಆತ ಸಿಕ್ಕಿಬಿದ್ದುದೂ ಹವ್ಯಾಸಿಗಳ ಮಾತುಕತೆಯಿಂದಲೇ. 2010ರಲ್ಲಿ ನೆದರ್ಲೆಂಡ್ಸಿನಲ್ಲಿ ನಡೆದ ನೊಣಗಾಳದ ಮೇಳವೊಂದರಲ್ಲಿ ಒಬ್ಬ ಹವ್ಯಾಸಿ ಮತ್ತೊಬ್ಬನಿಗೆ ತಾನು ಕೊಂಡಿದ್ದ ಅಪರೂಪದ ನೀಲಿ ಪಕ್ಷಿಯ ಚರ್ಮವನ್ನು ಹೆಮ್ಮೆಯಿಂದ ತೋರಿಸಿದನು. ಅದು ಸಂಗ್ರಹಾಲಯದ ವಸ್ತುವಿನಂತಿದೆಯೆಂದು ನೋಡಿದವನಿಗೆ ಸಂಶಯ ಬಂದಿತು. ಎಲ್ಲಿ ಸಿಕ್ಕಿತೆಂದು ವಿಚಾರಿಸಿ ಪೊಲೀಸರಿಗೆ ಸುಳಿವು ಕೊಟ್ಟನು. ಅದೇ ವರ್ಷದ ನವೆಂಬರಿನಲ್ಲಿ ತರುಣನ ಬಂಧನವಾಯಿತು. ಆತನ ಮನೆಯಲ್ಲಿ ಇಡಿಯಾಗಿ ದೊರೆತ ಚರ್ಮಗಳು 174. ಅವುಗಳಲ್ಲಿಯೂ ಚೀಟಿ ಉಳಿದಿದ್ದುದು 102ಕ್ಕೆ ಮಾತ್ರ. 2011ರ ಏಪ್ರಿಲಿನಲ್ಲಿ ನ್ಯಾಯಾಲಯ ಹನ್ನೆರಡು ತಿಂಗಳ ಶಿಕ್ಷೆ ವಿಧಿಸಿ, ಅದನ್ನು ಅಮಾನತಿನಲ್ಲಿಟ್ಟಿತು. ಆತ ಸೆರೆಮನೆಗೆ ಹೋಗಲಿಲ್ಲ.

ಈ ಘಟನೆಯ ಬಳಿಕ ಗರಿಯ ಪ್ರಶ್ನೆ ಹವ್ಯಾಸಿಗಳ ಬಳಗದಲ್ಲಿ ಬರಿಯ ಬಣ್ಣದ ಪ್ರಶ್ನೆಯಾಗಿ ಉಳಿಯಲಿಲ್ಲ. ಹಳೆಯ ಗ್ರಂಥ ಹೇಳಿದ ಗರಿಯೇ ಬೇಕೆಂದು ಹಟ ಹಿಡಿಯುವವರು ಇಂದಿಗೂ ಇಲ್ಲದಿಲ್ಲ. ಸಾಕಿದ ಕೋಳಿ, ಬಾತು, ಟರ್ಕಿಗಳ ಗರಿಗೆ ಬಣ್ಣ ಹಾಕಿ ಅಷ್ಟೇ ಅಂದವಾಗಿ ಕಟ್ಟಬಹುದೆಂದು ತೋರಿಸಿಕೊಡುವವರೂ ಇದ್ದಾರೆ. ಅವರ ಪರವಾಗಿ ಒಂದು ಒಳ್ಳೆಯ ಸಾಕ್ಷಿಯಿದೆ. ವಿಲ್ಟ್‌ಶೈರಿನ ಏವನ್ ಹೊಳೆಯ ಕಾವಲುಗಾರನಾಗಿದ್ದ ಫ್ರಾಂಕ್ ಸಾಯರ್, ತಾನು ಕಟ್ಟುತ್ತಿದ್ದ ಮುಳುಗುನೊಣದ ವಿಷಯವನ್ನು 1958ರ ತನ್ನ ಪುಸ್ತಕದಲ್ಲಿ ಬರೆದನು. ಅದಕ್ಕೆ ಬೇಕಾದುದು ಎರಡೇ ವಸ್ತು: ಫೆಸೆಂಟ್ ಕೋಳಿಯ ಬಾಲದ ಕೆಲವು ಕಂದು ಎಳೆ, ಕೂದಲಿನಷ್ಟು ತೆಳುವಾದ ತಾಮ್ರದ ತಂತಿ. ದಾರವೂ ಬೇಡ. ಟ್ರೌಟ್ ಹಿಡಿಯುವವರ ಪೆಟ್ಟಿಗೆಗಳಲ್ಲಿ ಈ ಬಡ ನೊಣಕ್ಕೆ ಇಂದಿಗೂ ಸ್ಥಾನವಿದೆ. ಕೌತುಕವೆಂದರೆ, ಮುಳುಗುನೊಣದ ಪರವಾಗಿ 1938ರಲ್ಲಿ ಒಂಟಿಯಾಗಿ ವಾದಿಸಿದ್ದ ಸ್ಕೂಸ್‌ನೇ ಸಾಯರ್‌ಗೆ ಬರೆಯುವಂತೆ ಉತ್ತೇಜನ ಕೊಟ್ಟವನು.

ಸ್ಕಾಟ್ಲೆಂಡಿನ ಟೇ ನದಿಯಲ್ಲಿ ಸಾಲ್ಮನ್ ಬೇಟೆಯ ಋತು ಜನವರಿ 15ಕ್ಕೆ ಆರಂಭ. ಕ್ರಿಸ್ಮಸ್ ರಜೆಯ ಹರಟೆಯಲ್ಲಿ ಕಟ್ಟಿದ ನೊಣಗಳು ಅಂದು ಪೆಟ್ಟಿಗೆಯಿಂದ ಹೊರಬಂದು ಹಿಮದಂತೆ ತಣ್ಣಗಿರುವ ನೀರಿಗೆ ಬೀಳುತ್ತವೆ. ಕೆಲವು ಮೊದಲನೆಯ ದಿನವೇ ಕಲ್ಲಿಗೋ ಮರದ ಕೊಂಬೆಗೋ ಸಿಕ್ಕಿ ಕಳೆದುಹೋಗುತ್ತವೆ. ಕಟ್ಟಿದವನು ಅದಕ್ಕಾಗಿ ಹೆಚ್ಚು ಕೊರಗುವುದಿಲ್ಲ. ಮುಂದಿನ ಡಿಸೆಂಬರಿನಲ್ಲಿ ಮತ್ತೆ ಕಟ್ಟಬಹುದು. ಕಳೆದುಹೋದ ನೊಣವನ್ನು ಬಾಯಿಗೆ ಹಾಕಿಕೊಳ್ಳಲು ಬಂದಿದ್ದ ಮೀನಿನ ಕಥೆಯನ್ನೂ ಗೆಳೆಯರಿಗೆ ಹೇಳಬಹುದು.