ಹುಡುಗರ ಬೊಜ್ಜೂ ಕಾಲೇಜಿನ ಕ್ಯಾಂಟೀನೂ

ಕಾಲೇಜು ಹುಡುಗರು ದಪ್ಪಗಾಗುತ್ತಿದ್ದಾರೆ, ರಾತ್ರಿಯೆಲ್ಲ ಮೊಬೈಲು ನೋಡುತ್ತಾರೆ, ಬೆಳಗ್ಗೆ ಏಳುವುದಿಲ್ಲ, ಬಾಯಿಗೆ ಕಡಿವಾಣವಿಲ್ಲ ಎಂಬ ಉಪದೇಶ ಈಗ ಸಭೆ ಸಮಾರಂಭಗಳಲ್ಲಿ ಮಾಮೂಲಾಗಿದೆ. ಉಪದೇಶ ಮಾಡುವ ಮಹನೀಯರು ಕಾರಿನಲ್ಲಿ ಬಂದು ಕಾರಿನಲ್ಲೇ ಹೋಗುವವರೆಂಬುದು ಬೇರೆ ಮಾತು. ಅವರ ಮಾತಿನಲ್ಲಿ ಸತ್ಯವಿಲ್ಲವೆಂದು ನಾವು ಹೇಳುವುದಿಲ್ಲ. ನಿದ್ದೆಗೆಟ್ಟವನಿಗೆ ಹಸಿವು ಹೆಚ್ಚೆಂಬುದು ನಿಜವೇ. ಆದರೆ ವಿದ್ಯಾರ್ಥಿಯ ದಿನ ಹೇಗೆ ಕಳೆಯುತ್ತದೆಂದು ಇವರಲ್ಲಿ ಎಷ್ಟು ಮಂದಿ ನೋಡಿದ್ದಾರೆ?

ಪಾಣೆಮಂಗಳೂರಿನಿಂದ ಕೊಣಾಜೆಯ ವಿಶ್ವವಿದ್ಯಾನಿಲಯಕ್ಕೋ ಮಂಗಳೂರು ಪೇಟೆಯ ಕಾಲೇಜಿಗೋ ಹೋಗುವವರು ಬೆಳಗ್ಗೆ ಬೇಗ ಬಸ್ಸು ಹಿಡಿಯಬೇಕು. ತಾಯಿ ಬೀಡಿ ಕಟ್ಟುವವರಾದರೆ ಹಿಂದಿನ ರಾತ್ರಿ ಹೊತ್ತು ಮೀರಿ ಎಲೆ ಕತ್ತರಿಸಿರುತ್ತಾರೆ. ಗಂಜಿ ಬೇಯುವ ಮೊದಲೇ ಬಸ್ಸಿನ ಹೊತ್ತಾಗುತ್ತದೆ. ಹಸಿದ ಹೊಟ್ಟೆಯಲ್ಲಿ ನಿಂತುಕೊಂಡೇ ಪ್ರಯಾಣ. ಹನ್ನೊಂದು ಗಂಟೆಗೆ ಪಫ್ಸೋ ಗೋಳಿಬಜೆಯೋ, ಮಧ್ಯಾಹ್ನ ಗೋಬಿ ಮಂಚೂರಿ, ಜೊತೆಗೆ ಒಂದು ಬಾಟ್ಲಿ ಕೋಲಾ. 250 ಮಿಲಿಲೀಟರಿನ ಆ ಬಾಟ್ಲಿಯಲ್ಲಿ ಸುಮಾರು 25 ಗ್ರಾಂ ಸಕ್ಕರೆಯಿದೆ. ಇಡೀ ದಿನಕ್ಕೇ ಅಷ್ಟಕ್ಕಿಂತ ಕಡಿಮೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ.

ನಮ್ಮವರ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಬೇಗ ಸೇರುತ್ತದೆ. ಆದ್ದರಿಂದ ಐರೋಪ್ಯರಿಗೆ ಹೇಳುವ ತೂಕಕ್ಕಿಂತ ಮೊದಲೇ ನಾವು ಎಚ್ಚರಾಗಬೇಕು. 5 ಅಡಿ 5 ಅಂಗುಲ ಎತ್ತರದವನು 63 ಕಿಲೋ ದಾಟಿದರೆ ಜೋಕೆ. ಇನ್ನೊಂದು ಮಗ್ಗುಲನ್ನು ಭಾಷಣಕಾರರು ಮರೆಯುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 24 ಮಂದಿ ಅತಿತೂಕದವರು, ಸುಮಾರು 19 ಮಂದಿ ಕಡಿಮೆ ತೂಕದವರು. ಒಂದೇ ಬೆಂಚಿನಲ್ಲಿ ಇಬ್ಬರೂ ಕೂತಿದ್ದಾರೆ. ಇಬ್ಬರಿಗೂ ಸಿಗದ್ದು ಹೊತ್ತಿಗೆ ಸರಿಯಾದ ಊಟ.

ಇವರ ಅಜ್ಜಂದಿರು ಗೇಣಿ ಗದ್ದೆಯಲ್ಲಿ ದುಡಿದು, ಸಿಕ್ಕಿದ ದಿನ ಹೊಟ್ಟೆ ತುಂಬ ಕುಚ್ಚಲಕ್ಕಿ ಗಂಜಿ ಉಂಡು ಅರಗಿಸಿದವರು. 1974ರ ಭೂಸುಧಾರಣೆಯ ಮೇಲೆ ಮೊಮ್ಮಕ್ಕಳು ಬೆಂಚಿನ ಮೇಲೆ ಕೂರುವಂತಾಯಿತು. ಒಳ್ಳೆಯದೇ ಆಯಿತು; ಮೈ ಕರಗಲೆಂದು ಅವರನ್ನು ಮತ್ತೆ ನೇಗಿಲಿಗೆ ಕಟ್ಟಬೇಕಾಗಿಲ್ಲ. ಆಡಲು ಹೊತ್ತು ಕೊಟ್ಟರೆ ಸಾಕು. ಪಾಠ ಮುಗಿದ ಮೇಲೆ ಆಡಿರೆಂದರೆ, ಕತ್ತಲಾಗುವ ಮೊದಲು ಮನೆ ಸೇರಬೇಕಾದ ಹುಡುಗಿ ಎಲ್ಲಿ ಆಡಿಯಾಳು?

ಕುರುಕಲು ತಿಂಡಿ ಮಾರಬಾರದೆಂದು ಯುಜಿಸಿ 2016ರಲ್ಲೂ 2018ರಲ್ಲೂ ವಿಶ್ವವಿದ್ಯಾನಿಲಯಗಳಿಗೆ ಸುತ್ತೋಲೆ ಕಳಿಸಿತು. 2024ರ ಮಾರ್ಚಿನಲ್ಲಿ ರಾಜ್ಯ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಣ್ಣ ಹೋಯಿತು, ಎಣ್ಣೆ ಉಳಿಯಿತು. ಆ ತಟ್ಟೆಯ ಜಾಗದಲ್ಲಿ ಅಗ್ಗದ ಅನ್ನ ಸಾರು ಯಾರ ಖರ್ಚಿನಲ್ಲಿ ಬರಬೇಕು?

ಸರಕಾರಿ, ಅನುದಾನಿತ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಅಕ್ಷರ ದಾಸೋಹದ ಬಿಸಿಯೂಟವಿದೆ. ಹನ್ನೊಂದಕ್ಕೆ ಕಾಲಿಟ್ಟೊಡನೆ ಮಕ್ಕಳ ಹಸಿವು ಇಂಗುತ್ತದೆಯೇನು? 2017ರಲ್ಲಿ ಇಂದಿರಾ ಕ್ಯಾಂಟೀನು ತೆರೆದಾಗ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಬಡಿಸಲು ಸಾಧ್ಯವಾಯಿತು. ಕಾಲೇಜಿನ ಆವರಣದೊಳಗೂ ಅದೇ ದರಕ್ಕೆ ಗಂಜಿ, ಹುರುಳಿ ಸಾರು, ಒಂದು ಪಲ್ಯ ಬಡಿಸಬಹುದು. ಆಟದ ಪೀರಿಯಡ್ಡು ವೇಳಾಪಟ್ಟಿಯೊಳಗೇ ಬರಲಿ, ಸಂಜೆಯ ಬಸ್ಸು ತಪ್ಪದಂತೆ. ಕ್ಯಾಂಟೀನನ್ನು ಹೆಚ್ಚು ಬಾಡಿಗೆ ಕೂಗಿದವನಿಗೆ ವಹಿಸುವ ಕಾಲೇಜುಗಳು ಆ ಪದ್ಧತಿಯನ್ನು ಬರುವ ಜೂನಿನೊಳಗೆ ಕೈಬಿಡಲಿ. ಭಾಷಣಕ್ಕೆ ಆಮೇಲೆ ನಾವೂ ಬಂದು ಕೂರುತ್ತೇವೆ.